ಗೆರೆ ದಾಟಿದ ಸಾರಿನ ವ್ಯಾನು

ನನ್ನನ್ನು ಊರಲ್ಲಿ ಗೆರೆ ಕೆಂಚಣ್ಣ ಅಂತಲೇ ಕರೆಯುವುದು. ಬರೀ ಕೆಂಚಣ್ಣ ಅಂದರೆ ಯಾರಿಗೂ ಗುರುತು ಹತ್ತುವುದಿಲ್ಲ. ನಮ್ಮೂರ ನಡುವೆ ಹೊಳೆ, ಹೊಳೆಯ ಮೇಲೆ ಕಲ್ಲಿನ ಸೇತುವೆ, ಸೇತುವೆಯ ನಟ್ಟನಡುವೆ ಅಡ್ಡಡ್ಡ ಒಂದು ಬಿಳಿ ಗೆರೆ. ಮಳೆಗಾಲ ಕಳೆದ ಮೇಲೆ ಅದಕ್ಕೆ ಹೊಸದಾಗಿ ಬಣ್ಣ ಬಳಿಯುವುದು, ಮಿಕ್ಕ ದಿನ ಅದರ ಪಕ್ಕದ ಕಟ್ಟೆ ಮೇಲೆ ಕೂತು ಕಾರಿನ ಕೀಲಿ ಕಾಯುವುದು ನನ್ನ ಉದ್ಯೋಗವಾಗಿತ್ತು. ಮಗ್ಗಿ ಕಲಿಯುವ ಹೊತ್ತಿಗೆ ಇಸ್ಕೂಲು ಬಿಟ್ಟವನು ನಾನು. ಆದರೆ ಕಂಡದ್ದು ಕೇಳಿದ್ದು ಮರೆಯುವ ಅಭ್ಯಾಸ ನನಗಿಲ್ಲ.

ಕಾರಿನ ಕಂಪನಿ ನಮ್ಮೂರಿಗೆ ಕಾಲಿಟ್ಟಾಗ ನನಗೆ ಆಗತಾನೇ ಮೀಸೆ ಮೂಡುತ್ತಿತ್ತು. ಹೊಳೆಯ ಈಚೆ ಪಡುದಡ, ಆಚೆ ಮೂಡುದಡ. ಪಡುದಡದ ಷೋರೂಮು ಬಸವಂತಶೆಟ್ಟರ ಪಾಲಿಗೆ ಬಂತು, ಮೂಡುದಡದ್ದು ಜಿನದತ್ತಯ್ಯನವರ ಪಾಲಿಗೆ. ಇವರ ಗಿರಾಕಿಯನ್ನು ಅವರು ಮುಟ್ಟಬಾರದು, ಅವರ ಗಿರಾಕಿಯನ್ನು ಇವರು ಮುಟ್ಟಬಾರದು ಅಂತ ಕಂಪನಿಯ ಕರಾರು. ನಾಳೆ ತಕರಾರು ಬೇಡ ಅಂತ ಸೇತುವೆ ನಡುವೆ ಗೆರೆ ಎಳೆಸಿದರು. ಎಳೆದವನು ನಾನೇ. ಆವತ್ತಿನಿಂದ ಪಡುದಡದಲ್ಲಿ ಕೊಂಡ ಕಾರು ಗೆರೆಯ ಹತ್ತಿರ ಬಂದ ಕೂಡಲೇ ಒಂದು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಮೂಡುದಡದ್ದೂ ಹಾಗೆಯೇ. ತಳ್ಳಿದರೆ ಚಕ್ರ ಉರುಳದು, ಎತ್ತು ಕಟ್ಟಿ ಎಳೆದರೆ ಹಗ್ಗ ಹರಿಯುವುದೇ ಹೊರತು ಕಾರು ಅಲುಗದು. ಹಿಂದಕ್ಕೆ ತಿರುಗಿಸಿದರೋ, ಏನೂ ಆಗದ ಹಾಗೆ ಹೊರಟುಬಿಡುವುದು. ಲಾರಿ, ಬಸ್ಸು, ಪರಸ್ಥಳದವರ ಕಾರು ಎಲ್ಲ ಸಲೀಸಾಗಿ ದಾಟುತ್ತಿದ್ದವು. ಹಾಗಾದರೆ ಪರಸ್ಥಳದಲ್ಲೇ ಕೊಂಡುಬಿಡೋಣ ಅಂತ ಹೋದವರನ್ನು ಅಲ್ಲಿಯ ಡೀಲರು, "ನಿಮ್ಮೂರಲ್ಲಿ ನಿಮ್ಮ ಡೀಲರು ಇಲ್ಲವೇನ್ರೀ? ಅಲ್ಲೇ ಹೋಗಿ," ಅಂತ ಬಾಗಿಲಿಂದಲೇ ಸಾಗಹಾಕುತ್ತಿದ್ದರು.

ಜನ ಎಷ್ಟು ದಿನ ಅಂತ ಬೆರಗಾಗಿ ನಿಂತಾರು? ಹೊಂದಿಕೊಂಡರು. ಪಡುದಡದ ಪ್ರತಿ ಕಾರಿನವನಿಗೂ ಮೂಡುದಡದಲ್ಲಿ ಒಬ್ಬ ಸೇತುವೆ ನಂಟ. ಇವನು ಗೆರೆಗೆ ಬರುವ ಹೊತ್ತಿಗೆ ಅವನೂ ಬರಬೇಕು. ಕೀಲಿ ಬದಲಾಯಿಸಿಕೊಂಡು ಇವನು ಅವನ ಕಾರಲ್ಲಿ ಆಚೆಗೆ, ಅವನು ಇವನ ಕಾರಲ್ಲಿ ಈಚೆಗೆ. ನಂಟ ಬರುವುದು ತಡವಾದರೆ ಕೀಲಿ ನನ್ನ ಹಲಗೆಯ ಮೊಳೆಗೆ. ಸೀಟು ಹಿಂದಕ್ಕೆ ತಳ್ಳಿದ ಅಂತ ಜಗಳ, ಕನ್ನಡಿ ತಿರುಗಿಸಿದ ಅಂತ ಜಗಳ, ಎಲೆಯಡಿಕೆ ಉಗುಳಿದ ಅಂತ ದೊಡ್ಡ ಜಗಳ. ಸಂಜೆ ಕಾರು ವಾಪಸು ಬಂದಾಗ ಹಿಂದಿನ ಸೀಟಲ್ಲಿ ಒಂದು ಕುಂಬಳಕಾಯಿ ಕೂತಿದ್ದರೆ ರಾಜಿಯಾಯಿತು ಅಂತ ಅರ್ಥ. ಹೆಣ್ಣು ಕೊಡುವವರು ಗಂಡಿನ ಕುಲಗೋತ್ರಕ್ಕಿಂತ ಮೊದಲು "ಹುಡುಗನ ಸೇತುವೆ ನಂಟ ಯಾರು, ಎಂಥವನು?" ಅಂತ ವಿಚಾರಿಸುವ ಮಟ್ಟಿಗೆ ಈ ನಂಟು ಬೆಳೆಯಿತು.

ಹೊಸ ಕಾರು ಕೊಡುವಾಗ ಕಾಯಿ ಒಡೆಯಲು ಎರಡೂ ಷೋರೂಮಿಗೆ ನಾನೇ ಹೋಗುತ್ತಿದ್ದೆ. ಗೆರೆಯ ಮೇಲೆ ಕೂರುವವನು, ಯಾರ ಕಡೆಯವನೂ ಅಲ್ಲ ಅಂತ. ಚಕ್ರದಡಿ ನಿಂಬೆಹಣ್ಣು ಇಟ್ಟು, ಕಾಯಿ ಒಡೆದ ಮೇಲೆ, ಡೀಲರು ಕೀಲಿ ಎತ್ತಿ ಹಿಡಿದು ಕಂಪನಿ ಹೇಳಿಕೊಟ್ಟ ಹಾರೈಕೆಯ ಮಾತು ಆಡಬೇಕು: "ಈ ಗಾಡಿ ಪಡುದಡದ್ದು, ಪಡುದಡದಲ್ಲೇ ಸುಖವಾಗಿರಲಿ." ಆಚೆ ಕಡೆಯಾದರೆ ಮೂಡುದಡದ್ದು. ಕೊಂಡವರು "ಹಾಗೇ ಆಗಲಿ" ಅನ್ನಬೇಕು. ಆಮೇಲೆ ನಿಂಬೆಹಣ್ಣು ಪಚಕ್. ಒಳ್ಳೆಯ ಮಾತು, ಮಂಗಳದ ಮಾತು ಅಂತ ನಾವೆಲ್ಲ ಕೈಮುಗಿಯುತ್ತಿದ್ದೆವು.

ಈಗ ನನ್ನ ತಂಗಿ ಹೊನ್ನಮ್ಮನ ವಿಷಯಕ್ಕೆ ಬರುತ್ತೇನೆ. ಅವಳ ಅಡುಗೆಮನೆ ಇದ್ದದ್ದು ಪಡುದಡದಲ್ಲಿ, ಅವಳ ಅನ್ನ ಉಣ್ಣುವವರು ಇದ್ದದ್ದು ಮೂಡುದಡದ ಬಟ್ಟೆ ಮಿಲ್ಲಿನಲ್ಲಿ. ಗಂಡ ತೀರಿಕೊಂಡ ಮೇಲೆ ಒಂದು ಒಲೆಯಿಂದ ಶುರುಮಾಡಿ, ಆಮೇಲೆ ಓಣಿಯ ಹೆಂಗಸರನ್ನೆಲ್ಲ ಸೇರಿಸಿಕೊಂಡು, ಇಡೀ ಮಿಲ್ಲಿಗೆ ಮಧ್ಯಾಹ್ನದ ಊಟ ಕಳಿಸುವಷ್ಟು ಬೆಳೆದವಳು. ತನ್ನ ಹಳೇ ವ್ಯಾನಿನಲ್ಲಿ ಹಂಡೆಗಳನ್ನು ಗೆರೆಯವರೆಗೆ ತರುವಳು. ಅಲ್ಲಿ ಅವಳ ಸೇತುವೆ ನಂಟ, ಸೌದೆ ಡಿಪೋದ ಪುಟ್ಟಲಿಂಗ, ಜೀಪು ತಂದು ನಿಲ್ಲಿಸಿರಬೇಕು. ನಾನೂ ಕೈಕೊಟ್ಟು ಹಂಡೆ ಇಳಿಸಿ ಹಂಡೆ ಏರಿಸುವುದು. ಪುಟ್ಟಲಿಂಗ ಬಂದರೆ ಬಂದ, ಮಲಗಿದರೆ ಮಲಗಿದ. ಹೀಗಾಗಿ ಅನ್ನ ಆರುವುದು, ಸಾರು ಚೆಲ್ಲುವುದು. ಮಿಲ್ಲಿನ ಸೈರನ್ನಿಗೆ ಮೊದಲೇ ಎರಡು ದಡದ ನಾಯಿಗಳೂ ಗೆರೆಯ ಎರಡು ಪಕ್ಕ ಸಾಲಾಗಿ ಕೂತಿರುತ್ತಿದ್ದವು, ಪಂಕ್ತಿಗೆ ಕೂತ ನೆಂಟರ ಹಾಗೆ.

ಒಂದು ದಿನ ಹಂಡೆಗೆ ಹಂಡೆಯೇ ಕೈಜಾರಿ ಗೆರೆ ಪೂರ್ತಿ ಹುಳಿಸಾರಾಯಿತು. ಆವತ್ತು ಮಿಲ್ಲಿನವರು ಮಜ್ಜಿಗೆ ಅನ್ನ ಉಂಡೆದ್ದರು. ಮ್ಯಾನೇಜರು ಹೊನ್ನಮ್ಮನನ್ನು ಕರೆಸಿ, "ನೋಡಿ ಹೊನ್ನಮ್ಮನವರೇ, ನಿಮ್ಮ ಕೈರುಚಿಗೆ ಎದುರಿಲ್ಲ. ಆದರೆ ಊಟ ಬಿಸಿಯಾಗಿ ಬರಬೇಕು, ಪೂರ್ತಿ ಬರಬೇಕು. ಯುಗಾದಿವರೆಗೆ ನೋಡ್ತೀನಿ. ಆಮೇಲೂ ಹೀಗೇ ಆದರೆ ಈ ದಡದಲ್ಲೇ ಯಾರಿಗಾದರೂ ಒಪ್ಪಿಸ್ತೀನಿ," ಅಂದರು. ಮಿಲ್ಲಿನ ಊಟ ತಪ್ಪಿದರೆ ಅವಳ ಒಲೆಯೊಂದೇ ಅಲ್ಲ, ಅವಳನ್ನು ನಂಬಿದ ಓಣಿಯ ಒಲೆಗಳೆಲ್ಲ ಆರಬೇಕು. ಆವತ್ತು ಅವಳು ಹಂಡೆ ತಿಕ್ಕಿದ ರಭಸಕ್ಕೆ ಕಲಾಯಿಯೇ ಎದ್ದುಬಂದಿತ್ತು.

ಮಾರನೇ ದಿನ ನನ್ನನ್ನೂ ಕರೆದುಕೊಂಡು ಬಸವಂತಶೆಟ್ಟರ ಷೋರೂಮಿಗೆ ಹೋದಳು. ಪಾತ್ರೆ ಅಲುಗದಂಥ ಹೊಸ ವ್ಯಾನಾದರೂ ಇದ್ದರೆ ಅರ್ಧ ತಾಪತ್ರಯ ಕಳೆಯುತ್ತದೆ ಅಂತ ಅವಳ ಲೆಕ್ಕ.

"ಕೊಡೋಣ ತಾಯಿ, ಅದಕ್ಕೇನಂತೆ," ಅಂದರು ಶೆಟ್ಟರು. "ಜೊತೆಗೆ ಚಾಪೆ, ಸೀಟಿನ ಕವರು, ನಾಲ್ಕು ರಾಗ ನುಡಿಸೋ ಹಾರನ್ನು, ವಿಮೆ ಎಲ್ಲಾ ನಮ್ಮಲ್ಲೇ ತಗೋಬೇಕು."

"ನಾನು ಸಾರು ಸಾಗಿಸೋಳು ಶೆಟ್ಟರೇ. ಸಾರಿಗೆ ಸೀಟಿನ ಕವರು ಯಾತಕ್ಕೆ?"

"ಕವರಿಲ್ಲದೆ ವ್ಯಾನಿಲ್ಲ."

"ಉಪ್ಪು ಕೇಳಿದ್ರೆ, ಜಾಡಿ ತಗೋ, ಜಾಡಿ ಇಡೋ ಗೂಡು ತಗೋ, ಗೂಡಿರೋ ಗೋಡೆನೂ ತಗೋ ಅಂದಂಗಾಯ್ತು."

"ಬೇಡವಾದ್ರೆ ಆಚೆ ದಡಕ್ಕೆ ಹೋಗಮ್ಮ!" ಅಂತ ಶೆಟ್ಟರು ಹೊಟ್ಟೆ ಕುಲುಕಿಸಿ ನಕ್ಕರು. ಆಚೆ ದಡದ ವ್ಯಾನು ಅವಳ ಅಡುಗೆಮನೆ ಬಾಗಿಲಿಗೆ ಬರುವ ಹಾಗಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಹೊನ್ನಮ್ಮ ಸೆರಗು ಸಿಕ್ಕಿಸಿಕೊಂಡು ನಡೆದೇ ಆಚೆ ದಡಕ್ಕೆ ಹೋದಳು. ಜಿನದತ್ತಯ್ಯನವರು ಮೆತ್ತನೆಯ ಮನುಷ್ಯ. ಇರುವೆ ಸಾಲು ಕಂಡರೆ ಕಾರನ್ನೇ ನಿಲ್ಲಿಸುವವರು. ಕೂರಿಸಿ ಬೆಲ್ಲ ನೀರು ಕೊಟ್ಟು, "ಚಾಪೆ ಬೇಡವಾದರೆ ಬೇಡ ತಾಯಿ, ಹಾರನ್ನೂ ಬೇಡ. ಬೆಲೆಯಲ್ಲೂ ಒಂದಿಷ್ಟು ಇಳಿಸಿಕೊಡ್ತೀನಿ. ಆದರೆ ಪಡುದಡದವರಿಗೆ ಮಾರಿದೆ ಅಂತ ಗೊತ್ತಾದರೆ ಕಂಪನಿಯವರು ನನ್ನ ಬೋರ್ಡೇ ಇಳಿಸಿಬಿಡ್ತಾರಲ್ಲ," ಅಂತ ಕಣ್ಣು ತುಂಬಿಕೊಂಡರು. ಕೊನೆಗೆ ಹೊನ್ನಮ್ಮನೇ ಅವರಿಗೆ ಸಮಾಧಾನ ಹೇಳಿ ಬರಬೇಕಾಯಿತು.

ಬಂದವಳು ನನ್ನ ಕಟ್ಟೆ ಮೇಲೆ ಕುಕ್ಕರಿಸಿದಳು. "ಅಣ್ಣಯ್ಯ, ಬದನೆಕಾಯಿ ಮಾರೋಳು ಯಾವ ಬೀದಿಯೋರು ಬಂದ್ರೂ ಮಾರ್ತಾಳೆ. ಈ ಕಾರು ಮಾರೋರಿಗೆ ಇದೆಂಥ ಮಡಿ?"

"ಮಡಿ ಅವರದಲ್ಲ ಕಣಮ್ಮ, ಕಂಪನಿಯದು."

"ಕಂಪನಿಗೂ ಮೇಲೆ ಒಬ್ಬರು ಇದ್ದೇ ಇರ್ತಾರೆ," ಅಂದಳು. ರಾಜಧಾನಿಯಲ್ಲಿ ಪೈಪೋಟಿ ಕಮಿಷನ್ನು ಅಂತ ಒಂದು ಕಚೇರಿ ಇದೆ, ದೊಡ್ಡ ವ್ಯಾಪಾರದವರು ಸಣ್ಣವರ ಕೈ ಕಟ್ಟಿಹಾಕಿದರೆ ಅಲ್ಲಿ ಕೇಳುತ್ತಾರೆ ಅಂತ ಮಿಲ್ಲಿನ ಯಾರೋ ಅವಳ ಕಿವಿಗೆ ಹಾಕಿದ್ದರು. ಪುಳಿಯೋಗರೆ ಕಟ್ಟಿಕೊಂಡು ಬಸ್ಸು ಹತ್ತಿಯೇ ಬಿಟ್ಟಳು. ಅಲ್ಲಿ ಏನು ಹೇಳಿದಳೋ, ಯಾರಿಗೆ ತಿನ್ನಿಸಿದಳೋ, ಮಾಘ ಕಳೆಯುವ ಮುನ್ನ ಆ ಕಚೇರಿಯೇ ನಮ್ಮ ಸೇತುವೆಗೆ ಬಂತು.

ಬಂದವರು ಮೆಹರುನ್ನಿಸಾ ಮೇಡಮ್ಮು. ಸಣಕಲು ಮೈ, ಕತ್ತಿಗೆ ನೇತುಬಿದ್ದ ಕನ್ನಡಕ, ಬಿಸಿಲಿಗೊಂದು ಗಂಡಸರ ಛತ್ರಿ. ಎರಡು ದಡದವರಿಗೂ ಸಮನಾಗಲಿ ಅಂತ ಗೆರೆಯ ಮೇಲೇ ಮೇಜು ಹಾಕಿಸಿದರು. ಶೆಟ್ಟರು ಈ ಕಡೆ, ಜಿನದತ್ತಯ್ಯನವರು ಆ ಕಡೆ. ಟೈ ಕಟ್ಟಿದ ಕಂಪನಿಯ ಸಾಹೇಬರು ಎಲ್ಲಿ ಕೂರಬೇಕು ಅಂತ ತಿಳಿಯದೆ ಗೆರೆಯ ಆಚೆ ಒಂದು ಕಾಲು ಈಚೆ ಒಂದು ಕಾಲು ಇಟ್ಟು ಕೂತರು. ಸುತ್ತ ಇಡೀ ಊರು. ಕಡಲೇಕಾಯಿಯವನಿಗೆ ಒಳ್ಳೆಯ ವ್ಯಾಪಾರ.

"ಪಡುದಡದ ಹೆಂಗಸಿಗೆ ಮೂಡುದಡದವರು ಯಾಕೆ ವ್ಯಾನು ಮಾರಬಾರದು?" ಮೇಡಮ್ಮು ಕೇಳಿದರು.

"ನಾವು ಯಾರನ್ನೂ ತಡೆದಿಲ್ಲ ಮೇಡಂ," ಅಂದರು ಸಾಹೇಬರು. "ಗಾಡಿಗಳೇ ನಿಲ್ತವೆ. ನಮ್ಮ ಗಾಡಿಗಳಿಗೆ ಅಷ್ಟು ಶಿಸ್ತು."

"ಮಾರಿದರೆ ಬೋರ್ಡು ಇಳಿಸ್ತೀನಿ ಅಂದದ್ದು ಗಾಡಿಯೋ, ನೀವೋ?"

ಸಾಹೇಬರು ಟೈ ಸಡಿಲಿಸಿಕೊಂಡರು. ಜನ ಹೋ ಅಂದರು.

"ಸೀಟಿನ ಕವರು?" ಅಂತ ಮೇಡಮ್ಮು ಶೆಟ್ಟರ ಕಡೆ ತಿರುಗಿದರು.

"ಅಯ್ಯೋ ಮೇಡಮ್ಮನೋರೇ, ಪ್ರೀತಿಗೆ ಕೊಡೋದು."

"ಪ್ರೀತಿಗೆ ರಸೀದಿ ಯಾಕ್ರೀ ಹಾಕ್ತೀರಿ?" ಅಂತ ಹೊನ್ನಮ್ಮ ಹಿಂದಿನಿಂದ ಕೂಗಿದಳು. ಶೆಟ್ಟರ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ನಕ್ಕರು ಅಂತ ಕಾಣುತ್ತದೆ.

ಮೇಡಮ್ಮು ಅಲ್ಲಿಯೇ ತೀರ್ಮಾನ ಹೇಳಿದರು. ವ್ಯಾನಿನ ಬಾಲಕ್ಕೆ ಚಾಪೆ ಕಟ್ಟಿ ಮಾರುವ ಹಾಗಿಲ್ಲ. ಬಾಗಿಲಿಗೆ ಬಂದ ಗಿರಾಕಿ ಯಾವ ದಡದವರಾದರೂ ಡೀಲರು ಮಾರಬಹುದು. ಮಾರಿದ್ದಕ್ಕೆ ಕಂಪನಿ ಬೋರ್ಡು ಇಳಿಸಕೂಡದು. ಇಂಥ ದಡದ್ದು, ಇಂಥ ದಡದಲ್ಲೇ ಇರಲಿ ಅನ್ನುವ ಮಾತು ಇನ್ನು ಮುಂದೆ ಕರಾರಿನಲ್ಲೂ ಇರಬಾರದು, ಬಾಯಲ್ಲೂ ಬರಬಾರದು. ಕೊನೆಗೆ ನನ್ನ ಕಡೆ ನೋಡಿ, "ಅಜ್ಜಾ, ಈ ಗೆರೆ ಅಳಿಸಿಬಿಡಿ," ಅಂದರು.

ಕೈಯಾರೆ ಎಳೆದದ್ದನ್ನು ಕೈಯಾರೆ ಅಳಿಸಿದೆ. ಸೀಮೆಎಣ್ಣೆ ಹಾಕಿ, ತೆಂಗಿನ ಜುಂಗಿನಿಂದ ತಿಕ್ಕಿ, ಒಂದು ಚುಕ್ಕೆಯೂ ಉಳಿಯದ ಹಾಗೆ. ಪುಟ್ಟಲಿಂಗ ಅಂಗಿ ತೋಳು ಮಡಿಚಿ, "ಎಲ್ಲಾ ಪಕ್ಕಕ್ಕೆ ಸರೀರಿ, ನಾನೇ ಮೊದಲು ದಾಟೋನು," ಅಂತ ಜೀಪು ಹತ್ತಿ ಭರ್ರಂತ ಬಂದ. ಗೆರೆಯಿದ್ದ ಜಾಗಕ್ಕೆ ಬಂತು ಜೀಪು, ಒಂದು ಸಲ ಕೆಮ್ಮಿತು, ನಿಂತಿತು. ಈ ಕಡೆಯಿಂದ ಶೆಟ್ಟರ ಕಾರು ಬಿಟ್ಟು ನೋಡಿದರು. ಅದೂ ಕೆಮ್ಮಿ ನಿಂತಿತು. ಎರಡೂ ಮೂತಿಗೆ ಮೂತಿ ಕೊಟ್ಟು ನಿಂತಾಗ ಊರಿಗೆ ಊರೇ ನಕ್ಕಿತು. ಯಾರೋ, "ಮೇಡಮ್ಮೋರೇ, ಜೀಪಿಗೂ ಒಂದು ನೋಟೀಸು ಕೊಡಿ!" ಅಂದರು. ಮೇಡಮ್ಮು ಛತ್ರಿ ಬಿಚ್ಚಿಕೊಂಡು ತಾವೂ ನಕ್ಕರು. "ನನ್ನ ಆರ್ಡರು ಮನುಷ್ಯರಿಗಪ್ಪ. ಗಾಡಿಗಳು ನನ್ನ ಕೈಕೆಳಗೆ ಬರಲ್ಲ," ಅಂತ ಹೇಳಿ ಬಸ್ಸು ಹತ್ತಿ ಹೋದರು. ಆರ್ಡರಿನ ಹಾಳೆಯನ್ನು ಎರಡೂ ಷೋರೂಮಿನ ಗೋಡೆಗೆ ಅಂಟಿಸಿದರು. ಅದರ ಮೇಲೆ ಹಲ್ಲಿ ಓಡಾಡತೊಡಗಿತು. ಪುಳಿಯೋಗರೆ ದಂಡವಾಯಿತು ಅಂತ ಓಣಿಯವರು ಹೊನ್ನಮ್ಮನನ್ನು ರೇಗಿಸಿದ್ದೇ ರೇಗಿಸಿದ್ದು.

ಯುಗಾದಿ ಹತ್ತಿರ ಬಂತು. "ದಾಟದಿದ್ರೆ ಬಿಡಲಿ ಅಣ್ಣಯ್ಯ, ಜಿನದತ್ತಯ್ಯನವರ ಹತ್ರಾನೇ ತಗೋತೀನಿ," ಅಂದಳು ಹೊನ್ನಮ್ಮ. "ಚಾಪೆ ಇಲ್ಲ, ಕವರಿಲ್ಲ. ಆಚೆ ಕಡೆ ನನ್ನದೇ ವ್ಯಾನು ನಿಂತಿದ್ರೆ ಪುಟ್ಟಲಿಂಗನ ನಿದ್ದೆ ಕಾಯೋದಾದ್ರೂ ತಪ್ಪುತ್ತೆ." ಸೇತುವೆ ನಡುವೆ ಹಂಡೆ ಇಳಿಸಿ ಏರಿಸುವುದು ಮಾತ್ರ ತಪ್ಪುವುದಿಲ್ಲ. ಸಾರು ಚೆಲ್ಲುವುದೂ ತಪ್ಪುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಮುಳುಗುವವರು ಹುಲ್ಲುಕಡ್ಡಿಯನ್ನೂ ಬಿಡುವುದಿಲ್ಲವಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹೋದೆವು. ಬೂದು ಬಣ್ಣದ ವ್ಯಾನು, ಮೂತಿಗೆ ಚೆಂಡುಹೂವಿನ ಹಾರ. ನಾನು ನಿಂಬೆಹಣ್ಣು ಇಟ್ಟೆ, ಕಾಯಿ ಒಡೆದೆ. ಜಿನದತ್ತಯ್ಯನವರು ಕೀಲಿ ಎತ್ತಿ ಹಿಡಿದು, "ಈ ಗಾಡಿ ಮೂಡು..." ಅಂದವರು ಗಕ್ಕನೆ ನಿಂತರು. ಎದುರು ಗೋಡೆಯಲ್ಲಿ ಮೇಡಮ್ಮನವರ ಆರ್ಡರು. ಆ ಮಾತು ಬಾಯಲ್ಲಿ ಬರುವ ಹಾಗಿಲ್ಲ. ಇಷ್ಟು ವರ್ಷ ಅದೊಂದನ್ನೇ ಹೇಳಿದ ನಾಲಿಗೆ, ಬೇರೆ ಏನು ಹೇಳಬೇಕು ಅಂತ ಅದಕ್ಕೆ ತೋಚಲಿಲ್ಲ. ಒಂದು ಸಲ ನನ್ನ ಮುಖ ನೋಡಿದರು, ಒಂದು ಸಲ ಹಲ್ಲಿಯ ಮುಖ ನೋಡಿದರು.

"ಯಾರದ್ದು ಅನ್ನಲಿ ತಾಯಿ?" ಅಂತ ಹೊನ್ನಮ್ಮನನ್ನೇ ಕೇಳಿದರು.

ಅವಳಿಗೆ ಒಲೆ ಮೇಲಿನ ಬೇಳೆಯ ಚಿಂತೆ. "ಯಾರದ್ದು ಅಂದ್ರೆ? ನಾನು ತಗೊಂಡ ಮೇಲೆ ನನ್ನದು! ಕೊಡ್ರಿ ಅತ್ಲಾಗೆ ಕೀಲಿನ, ಅಲ್ಲಿ ಬೇಳೆ ತಳ ಹಿಡೀತದೆ."

"ಹಾಗೇ ಆಗಲಿ," ಅಂದರು ಜಿನದತ್ತಯ್ಯನವರು, ಬದುಕಿದೆ ಅನ್ನುವ ಹಾಗೆ. ನಿಂಬೆಹಣ್ಣು ಪಚಕ್ ಅಂತು.

ನಾನು ಅವಳ ಪಕ್ಕ ಕೂತೆ. ಗೆರೆಯವರೆಗೆ ಹೋಗಿ, ವ್ಯಾನು ಅಲ್ಲಿ ನಿಲ್ಲಿಸಿ, ಆಮೇಲೆ ಮನೆಗೆ ನಡೆದು ಹೋಗುವುದು ಅಂತ ಮಾತಾಗಿತ್ತು. ದಾರಿಯುದ್ದಕ್ಕೂ ಅವಳದು ಒಂದೇ ಬೈಗುಳ: ಪುಟ್ಟಲಿಂಗನ ನಿದ್ದೆಗೆ, ಮ್ಯಾನೇಜರ ಗಡಿಯಾರಕ್ಕೆ, ಬೇವಿನ ಹೂವು ತರದ ಓಣಿಯ ಗೌರಿಗೆ. ನಾನು ಹೂಂ ಹೂಂ ಅಂತಿದ್ದೆ. ವ್ಯಾನಿಗೆ ಹೊಸ ಬಣ್ಣದ ವಾಸನೆ, ಕಿಟಕಿಯಿಂದ ಹೊಳೆಯ ಗಾಳಿ, ನನಗೆ ಕಣ್ಣು ಎಳೆಯುತ್ತಿತ್ತು.

ಎದುರಿಗೆ ಕ್ಷೌರದ ಅಂಗಡಿಯ ತಿಮ್ಮಯ್ಯ ಕಂಡ. ಕೈಯಲ್ಲಿ ಕತ್ತಿ, ಕುರ್ಚಿಯಲ್ಲಿ ಅರ್ಧ ಗಡ್ಡದ ಗಿರಾಕಿ. ತಿಮ್ಮಯ್ಯನ ಕತ್ತಿ ಗಾಳಿಯಲ್ಲೇ ನಿಂತಿತ್ತು, ಬಾಯಿ ತೆರೆದಿತ್ತು. ಇದ್ಯಾಕೆ ಹಿಂಗೆ ನೋಡ್ತಾನೆ ಇವನು ಅಂದುಕೊಂಡೆ. ಆಮೇಲೆ ಹೊಳೆಯಿತು. ತಿಮ್ಮಯ್ಯನ ಅಂಗಡಿ ಇರುವುದು ಪಡುದಡದಲ್ಲಿ.

"ಹೊನ್ನೂ, ನಿಲ್ಲಿಸು!"

"ಯಾಕಣ್ಣಯ್ಯ, ಗೆರೆ ಬಂತಾ?"

"ಗೆರೆ ಹೋಯ್ತು ಕಣೇ!"

ಅವಳು ತಿರುಗಿ ನೋಡಿದಳು. ಸೇತುವೆ ಪೂರಾ ನಮ್ಮ ಹಿಂದೆ ಇತ್ತು. ಗೆರೆ ಅಳಿಸಿದ್ದರಿಂದ ಯಾವಾಗ ದಾಟಿದೆವು ಅಂತ ಇಬ್ಬರಿಗೂ ತಿಳಿದಿರಲಿಲ್ಲ. ಕೆಮ್ಮಿರಲಿಲ್ಲ, ಮಿಸುಕಿರಲಿಲ್ಲ. ಅರ್ಧ ಗಡ್ಡದ ಗಿರಾಕಿ ಎದ್ದು ಬಂದು ವ್ಯಾನನ್ನು ಮುಟ್ಟಿ ಮುಟ್ಟಿ ನೋಡಿದ. ಹೊನ್ನಮ್ಮ ನಂಬದೆ ವ್ಯಾನು ತಿರುಗಿಸಿ ಮತ್ತೆ ಆಚೆಗೆ ಹೋದಳು, ಮತ್ತೆ ಈಚೆಗೆ ಬಂದಳು, ಮತ್ತೆ ಆಚೆಗೆ. ಬೇಳೆ ತಳ ಹಿಡಿದೇ ಹೋಯಿತು. ಆ ದಿನದ ಸಾರಿಗೆ ಸುಟ್ಟ ವಾಸನೆ ಇತ್ತು, ಆದರೆ ಹೊಗೆಯಾಡುವಷ್ಟು ಬಿಸಿಯಾಗಿ ಮಿಲ್ಲಿಗೆ ಮುಟ್ಟಿತು. ಮ್ಯಾನೇಜರು ತುಟಿ ಸುಟ್ಟುಕೊಂಡು, "ಸಾಕು ಹೊನ್ನಮ್ಮನವರೇ, ಇನ್ನು ಸ್ವಲ್ಪ ಆರಿಸಿಯೇ ತನ್ನಿ," ಅಂದರಂತೆ.

ನಾವು ಇಷ್ಟು ವರ್ಷ ಗೆರೆಗೆ ಅರಿಶಿನ ಕುಂಕುಮ ಹಾಕಿದ್ದೆವು, ಗೆರೆಯನ್ನು ಬೈದಿದ್ದೆವು, ಕೊನೆಗೆ ಗೆರೆಯನ್ನೇ ತಿಕ್ಕಿ ತೆಗೆದಿದ್ದೆವು. ಗಾಡಿಯನ್ನು ಕಟ್ಟಿಹಾಕಿದ ಹಗ್ಗ ಬಾಯಲ್ಲಿತ್ತು. ಮಂಗಳದ ಮಾತು ಅಂತ ಕೈ ಮುಗಿಯುತ್ತಿದ್ದೆವಲ್ಲ, ಅದರಲ್ಲಿ.

ಸುದ್ದಿ ಹಬ್ಬುವುದಕ್ಕೆ ಹಬ್ಬದ ದಿನವೇ ಸಾಕಾಯಿತು. ಹಳೇ ಕಾರಿನವರೆಲ್ಲ ಹಾರ ಹಾಕಿಕೊಂಡು ಷೋರೂಮಿನ ಮುಂದೆ ಸಾಲುಗಟ್ಟಿದರು, ಇನ್ನೊಂದು ಸಲ ಕೀಲಿ ಕೊಡಿ, ನಾವೂ ನನ್ನದು ಅಂತೀವಿ ಅಂತ. ಕಾಯಿ ಒಡೆದೂ ಒಡೆದೂ ನನ್ನ ತೋಳು ಬಾತುಕೊಂಡಿತು. ಜೋಡೀದಾರರ ಮನೆಯ ಅಣ್ಣತಮ್ಮಂದಿರು ಮೂವರೂ ಒಟ್ಟಿಗೆ "ನನ್ನದು" ಅಂದುಬಿಟ್ಟದ್ದಕ್ಕೆ ಆ ಕಾರು ಷೋರೂಮಿನ ಅಂಗಳದಲ್ಲೇ ಸುತ್ತು ಹಾಕತೊಡಗಿತು. ಅವರ ತಾಯಿ ಬಂದು "ನನ್ನದು ಕಣ್ರೋ" ಅಂದ ಮೇಲೇ ಅದು ದಾರಿ ಹಿಡಿದದ್ದು. ಬಸವಂತಶೆಟ್ಟರು ಎರಡು ದಿನ ಮುಸುಕು ಹೊದ್ದು ಮಲಗಿದ್ದರು. ತಮ್ಮ ಗಿರಾಕಿಗಳೆಲ್ಲ ಜಿನದತ್ತಯ್ಯನವರ ಬೆಲ್ಲ ನೀರು ಕುಡಿಯಲು ಹೋಗುತ್ತಿದ್ದಾರೆ ಅಂತ ಹೆಂಡತಿ ಹೇಳಿದ ಮೇಲೆ ಎದ್ದು, ಷೋರೂಮಿನ ಮುಂದೆ ಚಪ್ಪರ ಹಾಕಿಸಿ ಪಾನಕ ಕೋಸಂಬರಿ ಹಂಚಲು ಶುರುಮಾಡಿದರು. "ಚಾಪೆ ಬೇಕಾದೋರು ತಗೊಳ್ಳಿ, ಬೇಡದೋರು ಬಿಡಿ," ಅಂತ ಅವರ ಬಾಯಿಂದಲೇ ಕೇಳಿದೆ. ಆಗ ಜಿನದತ್ತಯ್ಯನವರು ಬೆಲ್ಲ ನೀರಿಗೆ ಏಲಕ್ಕಿ ಹಾಕಿಸಿದರು. ಶೆಟ್ಟರು ಬೆಲೆ ಇಳಿಸಿದರು. ಆಮೇಲೆ ಜಿನದತ್ತಯ್ಯನವರೂ ಇಳಿಸಿದರು. ಊರಿನವರಿಗೆ ಅದೊಂದು ಒಳ್ಳೆಯ ಕಾಲ.

ಸೇತುವೆಯ ಮೇಲೆ ಮಾತ್ರ ಗದ್ದಲ ಕಡಿಮೆಯಾಯಿತು. ಗಾಡಿಗಳು ಸುಯ್ಯಂತ ಬರುತ್ತವೆ, ಸುಯ್ಯಂತ ಹೋಗುತ್ತವೆ. ನನ್ನ ಹಲಗೆಯ ಮೊಳೆಗಳು ಬರಿದಾದವು. ನಾಯಿಗಳು ಕೂಡ ಕೆಲವು ದಿನ ಕಾದು ಬೇರೆ ಕಡೆ ಹೋದವು. ಗೆರೆಯೇ ಇಲ್ಲದ ಗೆರೆ ಕೆಂಚಣ್ಣ ಅಂತ ತಿಮ್ಮಯ್ಯ ತಮಾಷೆ ಮಾಡಿದ. ನಾನೂ ನಕ್ಕೆ. ಆದರೂ ಬೆಳಗಾದರೆ ಕಾಲು ಕಟ್ಟೆಯ ಕಡೆಗೇ ಎಳೆಯುತ್ತಿತ್ತು. ಹೋಗಿ ಕೂರುತ್ತಿದ್ದೆ, ಹೊಳೆ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಬೂದು ಬಣ್ಣದ ವ್ಯಾನು ಬಂದು ಗೆರೆಯಿದ್ದ ಜಾಗದಲ್ಲೇ ನಿಂತಿತು. ಮಿಲ್ಲಿನ ಊಟದ ಹೊತ್ತು ಬೇರೆ. ಎದ್ದು ಓಡಿದೆ.

"ಯಾಕೆ ಹೊನ್ನೂ, ನಿಂತುಬಿಡ್ತಾ ಗಾಡಿ?"

ಅವಳು ಕಿಟಕಿಯಿಂದ ಒಂದು ಲೋಟ ಬಿಸಿ ಸಾರು ಚಾಚಿದಳು.

"ಗಾಡಿ ನಿಂತಿಲ್ಲ ಅಣ್ಣಯ್ಯ. ನಾನೇ ನಿಲ್ಲಿಸ್ದೆ. ಕುಡಿ, ಆರುತ್ತೆ."

ಅವಳ ಹಿಂದೆ ಪುಟ್ಟಲಿಂಗನ ಜೀಪೂ ಬಂದು ನಿಂತಿತು. ಅದು ಕೆಮ್ಮಲಿಲ್ಲ. ಅದರ ಹಿಂದಿನ ಸೀಟಿನಲ್ಲಿ ಒಂದು ಕುಂಬಳಕಾಯಿ ಕೂತಿತ್ತು.